ಎದೆ ಡವಡವ ಎಂದಾಗ: ಗಾಬರಿಯ ಹೊಡೆತವನ್ನು ಗುರುತಿಸುವುದು, ಗಡಿಯಾಚೆಯ ಡಾಕ್ಟರಿಗೆ ತಿಳಿಸಿ ಹೇಳುವುದು

ಸಂತೆಯಲ್ಲಿ ನಿಂತಿದ್ದಾಗ, ಬಸ್ಸಿನಲ್ಲಿ ಕುಳಿತಿದ್ದಾಗ, ಒಮ್ಮೊಮ್ಮೆ ರಾತ್ರಿ ಒಳ್ಳೆಯ ನಿದ್ದೆಯಲ್ಲಿದ್ದಾಗಲೇ ಎದೆ ಒಮ್ಮಿಂದೊಮ್ಮೆಲೇ ಡವಡವ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಸಾಲದಂತಾಗುತ್ತದೆ. ಮೈ ಬೆವರಿ ಕೈಕಾಲು ನಡುಗುತ್ತವೆ. ಬಾಯಿ ಒಣಗುತ್ತದೆ, ತುಟಿ ಮತ್ತು ಬೆರಳ ತುದಿಗಳು ಜುಮ್ಮೆನ್ನುತ್ತವೆ. 'ಇನ್ನೇನು ಪ್ರಾಣ ಹೋಯಿತು' ಎಂಬ ಭಯ ಹುಟ್ಟುತ್ತದೆ. ಮನೆಯವರು ಆಟೋ ಮಾಡಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಅಲ್ಲಿ ಇ.ಸಿ.ಜಿ. ತೆಗೆಯುವಷ್ಟರಲ್ಲಿ ಎಲ್ಲವೂ ಇಳಿದಿರುತ್ತದೆ. 'ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ' ಎಂದು ಹೇಳಿ ಕಳುಹಿಸುತ್ತಾರೆ. ತಿಂಗಳೊಳಗೆ ಮತ್ತೆ ಅದೇ ಕಥೆ.

ಈ 'ಏನೂ ಇಲ್ಲ' ಎಂಬ ಮಾತು ಅರ್ಧ ಮಾತ್ರ ಸರಿ. ಹೃದಯಕ್ಕೆ ಏನೂ ಆಗಿಲ್ಲ ಎಂಬುದು ನಿಜ. ಆದರೆ ಆ ಮನುಷ್ಯನಿಗೆ ಏನೋ ಆಗಿದೆ, ಅದಕ್ಕೊಂದು ಹೆಸರಿದೆ, ಚಿಕಿತ್ಸೆಯೂ ಇದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗಾಬರಿಯ ಹೊಡೆತ ಎನ್ನಬಹುದು. ಪತ್ರಿಕೆಗಳಲ್ಲಿ 'ಭೀತಿ ದಾಳಿ' ಎಂದು ಬರೆಯುವುದುಂಟು, ಆದರೆ ಹಾಗೆ ಹೇಳಿದರೆ ಹಳ್ಳಿಯಲ್ಲಿ ಯಾರಿಗೂ ಅರ್ಥವಾಗದು.

ಗಡಿನಾಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಕೈ ಮುರಿದರೆ ಡಾಕ್ಟರಿಗೆ ತೋರಿಸಬಹುದು, ಭಾಷೆ ಬೇಕಿಲ್ಲ. ಗಾಬರಿಯನ್ನು ತೋರಿಸಲಾಗದು, ಬಾಯಿಬಿಟ್ಟು ಹೇಳಲೇಬೇಕು. ಹೇಳಬೇಕಾದದ್ದು ಮನೆಯ ಮಾತಿನಲ್ಲಿರುತ್ತದೆ, ಕೇಳುವವರು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನವರು. ಅಂಗಡಿ, ಕಚೇರಿ, ಬಸ್ಸಿಗೆ ಸಾಕಾಗುವ ಎರಡನೆಯ ಭಾಷೆ ಎದೆಯೊಳಗಿನ ತಳಮಳವನ್ನು ಹೇಳುವಾಗ ಕೈ ಕೊಡುತ್ತದೆ.

ಮೊದಲು ಹೃದಯದ ಮಾತು

ಮೊದಲ ಸಲ ಹೀಗಾದಾಗ ಅದು ಗಾಬರಿಯೇ ಎಂದು ಮನೆಯಲ್ಲೇ ತೀರ್ಮಾನ ಮಾಡಬಾರದು. ಈ ಒಂದು ವಿಷಯದಲ್ಲಿ ಆಸ್ಪತ್ರೆಗೆ ಓಡುವವರೇ ಜಾಣರು. ಎದೆಯ ಮೇಲೆ ಕಲ್ಲು ಹೇರಿದಂತೆ ಒತ್ತುವ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ಏರು ಹತ್ತುವಾಗ ಅಥವಾ ಹೊರೆ ಹೊರುವಾಗ ಬಂದು ಕುಳಿತರೆ ಕಡಿಮೆಯಾಗುವುದು, ತಣ್ಣನೆಯ ಬೆವರು, ವಾಂತಿ: ಇವೆಲ್ಲ ಹೃದಯದ ಕಡೆ ಬೆರಳು ತೋರಿಸುತ್ತವೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು, ಬೀಡಿ ಸಿಗರೇಟು ಸೇದುವವರು ಹೆಚ್ಚು ಎಚ್ಚರವಹಿಸಬೇಕು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಹೆಚ್ಚು ನೋವಿಲ್ಲದೆ, ಬರೀ ಸುಸ್ತು ಮತ್ತು ಉಬ್ಬಸದ ರೂಪದಲ್ಲೂ ಬರಬಹುದು.

ಗಾಬರಿಯ ಹೊಡೆತ ಬೇರೆ ರೀತಿ. ಸುಮ್ಮನೆ ಕುಳಿತಿದ್ದಾಗಲೂ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇಳಿದ ಮೇಲೆ ಗದ್ದೆ ಉತ್ತು ಬಂದಷ್ಟು ಸುಸ್ತು.

ಇ.ಸಿ.ಜಿ. ಒಂದೇ ಅಲ್ಲ, ಇನ್ನೂ ಕೆಲವನ್ನು ಒಮ್ಮೆ ನೋಡಿಸಿಕೊಳ್ಳಬೇಕು. ಥೈರಾಯ್ಡ್ ಹೆಚ್ಚಾದರೆ, ರಕ್ತ ಕಡಿಮೆಯಿದ್ದರೆ, ಸಕ್ಕರೆಯ ಮಾತ್ರೆ ನುಂಗಿ ಊಟ ತಪ್ಪಿಸಿ ಸಕ್ಕರೆ ಇಳಿದರೆ, ಹೃದಯದ ಬಡಿತದ ಲಯವೇ ತಪ್ಪಿದರೆ ಇದೇ ತರಹ ಎದೆ ಹೊಡೆದುಕೊಳ್ಳುತ್ತದೆ. ದಿನವೂ ಕುಡಿಯುವವರು ಒಂದು ದಿನ ಬಿಟ್ಟರೂ ಬೆಳಿಗ್ಗೆ ನಡುಕ, ಬೆವರು, ಗಾಬರಿ ಬರುತ್ತದೆ. ಗಾಬರಿಯ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಐವತ್ತರ ಹತ್ತಿರ ಮೊದಲ ಬಾರಿಗೆ ಬಂದರೆ ದೇಹದ ಕಾರಣವನ್ನು ಇನ್ನಷ್ಟು ಜಾಗ್ರತೆಯಿಂದ ಹುಡುಕಬೇಕು.

ಇದನ್ನೆಲ್ಲ ಒಂದು ಸಲ ಸರಿಯಾಗಿ ಪರೀಕ್ಷಿಸಿ ಹೃದಯ ಚೆನ್ನಾಗಿದೆ ಎಂದ ಮೇಲೆ, ಲಕ್ಷಣ ಬದಲಾಗದೆ ಇದ್ದರೆ, ತಿಂಗಳಿಗೊಂದು ಇ.ಸಿ.ಜಿ., ವರ್ಷಕ್ಕೆ ನಾಲ್ಕು ಡಾಕ್ಟರು ಎಂದು ಅಲೆಯುವುದರಿಂದ ಗಾಬರಿ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ಈ ಅಲೆದಾಟ ಹಳೆಯದು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥ ಎದೆಬಡಿತ, ಉಬ್ಬಸ ಕಂಡು ಡಾಕೋಸ್ಟಾ ಎಂಬ ವೈದ್ಯ 1871ರಲ್ಲಿ ಬರೆದಾಗ ಅದನ್ನು ಹೃದಯದ ತೊಂದರೆ ಎಂದೇ ಕರೆದಿದ್ದ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ಯಾನಿಕ್ ಕಾಯಿಲೆಗೆ ಪ್ರತ್ಯೇಕ ಜಾಗ ಸಿಕ್ಕಿದ್ದು 1980ರಲ್ಲಿ.

ಮೈಯೊಳಗೆ ಆಗುವುದೇನು?

ಕತ್ತಲಲ್ಲಿ ಹಾವು ತುಳಿದಂತಾದರೆ ಏನಾಗುತ್ತದೆ? ಮೆದುಳು ಅಪಾಯ ಎಂದು ಕೂಗುತ್ತದೆ, ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ, ಓಡಲು ಕಾಲಿಗೆ ರಕ್ತ ಬೇಕೆಂದು ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ. ಗಾಬರಿಯ ಹೊಡೆತದಲ್ಲಿ ನಡೆಯುವುದು ಇದೇ. ವ್ಯತ್ಯಾಸ ಒಂದೇ, ಕಾಲಡಿಯಲ್ಲಿ ಹಾವಿರುವುದಿಲ್ಲ.

ಉಸಿರು ಅತಿಯಾಗಿ ಎಳೆದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದಲೇ ತಲೆ ತಿರುಗುವುದು, ತುಟಿ ಬೆರಳು ಜುಮ್ಮೆನ್ನುವುದು, ಕೆಲವರಿಗೆ ಕೈಬೆರಳುಗಳು ಸೆಟೆದು ಮಡಚಿಕೊಳ್ಳುವುದು. ನೋಡಿದವರು ಇದನ್ನು ಫಿಟ್ಸ್ ಎಂದು ತಿಳಿದು ಕೈಗೆ ಕಬ್ಬಿಣ ಕೊಡುತ್ತಾರೆ, ಮೂಗಿಗೆ ಚಪ್ಪಲಿ ಹಿಡಿಯುತ್ತಾರೆ. 'ಉಸಿರು ಸಾಲುತ್ತಿಲ್ಲ' ಎನ್ನಿಸಿದರೂ ನಿಜವಾಗಿ ಆಗಿರುವುದು ಉಸಿರಾಟ ಹೆಚ್ಚಾದದ್ದು. ಹಾಗಾಗಿ 'ಜೋರಾಗಿ ಉಸಿರು ತಗೋ' ಎಂಬ ಸಲಹೆ ಬೆಂಕಿಗೆ ತುಪ್ಪ ಹಾಕಿದಂತೆ.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದರ ಸುಳಿಯನ್ನು ಬಿಡಿಸಿ ತೋರಿಸಿದರು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮನಸ್ಸು ಅದನ್ನು 'ಹಾರ್ಟ್ ಅಟ್ಯಾಕ್' ಎಂದು ಓದಿಕೊಳ್ಳುತ್ತದೆ. ಹಾಗೆ ಓದಿಕೊಂಡದ್ದರಿಂದ ಭಯ, ಭಯದಿಂದ ಇನ್ನೂ ಜೋರು ಬಡಿತ. ಸುಳಿ ಹೀಗೆ ಸುತ್ತುತ್ತದೆ. ಚಿಕಿತ್ಸೆಯೂ ಇಲ್ಲಿಂದಲೇ ಹುಟ್ಟಿದೆ. ಬಡಿತವನ್ನು ನಿಲ್ಲಿಸಬೇಕಾಗಿಲ್ಲ, ಓದುವ ರೀತಿ ಬದಲಾದರೆ ಸುಳಿ ಬಿಚ್ಚಿಕೊಳ್ಳುತ್ತದೆ.

ಇನ್ನೆರಡು ಭಯಗಳಿವೆ. 'ಬಿದ್ದುಬಿಡುತ್ತೇನೆ' ಎಂಬುದು ಒಂದು. ಎಚ್ಚರ ತಪ್ಪುವುದು ಹೆಚ್ಚಾಗಿ ಬಿ.ಪಿ. ಕುಸಿದಾಗ. ಗಾಬರಿಯಲ್ಲಿ ಅದು ಏರಿರುತ್ತದೆ, ಆದ್ದರಿಂದ ಬೀಳುವುದು ಅಪರೂಪ. 'ಹುಚ್ಚು ಹಿಡಿಯುತ್ತದೆ' ಎಂಬುದು ಇನ್ನೊಂದು. ಗಾಬರಿಯ ಹೊಡೆತದಿಂದ ಯಾರಿಗೂ ಹುಚ್ಚು ಹಿಡಿಯುವುದಿಲ್ಲ.

ಒಂದು ಸಲ ಬಂದು ಹೋದರೆ ಅದು ಕಾಯಿಲೆಯೂ ಅಲ್ಲ. ಮೇಲಿಂದ ಮೇಲೆ ಬರುತ್ತಿದ್ದು, ಮತ್ತೆ ಯಾವಾಗ ಬರುವುದೋ ಎಂಬ ಅಂಜಿಕೆಯಲ್ಲೇ ಒಂದು ತಿಂಗಳಿಗೂ ಹೆಚ್ಚು ಕಾಲ ಕಳೆಯುವಂತಾದರೆ, ಅದರಿಂದಾಗಿ ಬಸ್ಸು, ಸಂತೆ, ಜಾತ್ರೆ ಬಿಡುವಂತಾದರೆ ಆಗ ಚಿಕಿತ್ಸೆ ಬೇಕು.

ಅದೇ ಶಬ್ದ, ಬೇರೆ ಅರ್ಥ

ಡಾಕ್ಟರ ಮುಂದೆ ಮೊದಲು ಹೇಳಬೇಕಾದದ್ದು ನೋವೋ ಬಡಿತವೋ ಎಂಬುದನ್ನು. ನಮ್ಮಲ್ಲಿ 'ಎದೆ ಹಿಡಿದುಕೊಂಡಿತು', 'ಎದೆಯಲ್ಲಿ ಒಂಥರಾ' ಎಂದರೆ ಎರಡೂ ಆಗಬಹುದು. ಕೇಳಿದವರು ನೋವು ಎಂದು ಬರೆದುಕೊಂಡರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಮಲಯಾಳದಲ್ಲಿ ನೋವಿಗೆ 'ನೆಂಜುವೇದನ', ಬಡಿತಕ್ಕೆ 'ನೆಂಜಿಡಿಪ್ಪು', ಉಸಿರು ಕಟ್ಟುವುದಕ್ಕೆ 'ಶ್ವಾಸಂಮುಟ್ಟಲ್', ಗಾಬರಿಯ ಚಡಪಡಿಕೆಗೆ 'ವೆಪ್ರಾಳಂ'. ತಮಿಳಿನಲ್ಲಿ ನೋವು 'ನೆಂಜು ವಲಿ', ಬಡಿತ 'ಪಡಪಡಪ್ಪು', ಗಾಬರಿ 'ಪದಟ್ಟಂ'. ತಾಳವಾಡಿ, ಹೊಸೂರಿನ ಕಡೆಯವರಿಗೆ ಇವು ಕಿವಿಗೆ ಬಿದ್ದಿರುವ ಮಾತುಗಳೇ. ತೆಲುಗಿನಲ್ಲಿ ನೋವು 'ಗುಂಡೆ ನೊಪ್ಪಿ', ಬಡಿತ 'ಗುಂಡೆ ದಡ', ಗಾಬರಿ 'ಕಂಗಾರು'. ಮರಾಠಿಯಲ್ಲಿ 'ಛಾತೀತ್ ದುಖತಂ' ಎಂದರೆ ನೋವು, 'ಛಾತೀತ್ ಧಡಧಡ್' ಎಂದರೆ ಬಡಿತ. 'ಜೀವ್ ಘಾಬರ್ತೋ' ಎಂದುಬಿಟ್ಟರೆ ಸೊಲ್ಲಾಪುರ, ಸಾಂಗಲಿ ಕಡೆಯ ಡಾಕ್ಟರಿಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಇದೊಂದು ಮಾತು ನಮ್ಮ 'ಜೀವ ಗಾಬರಿ ಆಗ್ತದ' ಎಂಬುದಕ್ಕೆ ಸರಿಸಮ.

ತೊಂದರೆ ಇರುವುದು ಎರಡೂ ಕಡೆ ಒಂದೇ ತರಹ ಕೇಳಿಸುವ ಶಬ್ದಗಳಲ್ಲಿ. ಕನ್ನಡದಲ್ಲಿ 'ಕಾಳಜಿ' ಎಂದರೆ ಆರೈಕೆ, ಅಕ್ಕರೆ. ಮರಾಠಿಯಲ್ಲಿ 'ಕಾಳಜಿ' ಎಂದರೆ ಚಿಂತೆ ಎಂಬ ಅರ್ಥವೂ ಇದೆ. ಜತ್ತದ ಸೊಸೆಯನ್ನು ಡಾಕ್ಟರು 'ಫಾರ್ ಕಾಳಜೀ ಕರತಾ ಕಾ?' ಎಂದು ಕೇಳಿದರೆ ಅವಳು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೋ ಎಂದು ಕೇಳಿದಂತಲ್ಲ, ತುಂಬ ಚಿಂತೆ ಮಾಡುತ್ತಾಳೋ ಎಂದು ಕೇಳಿದಂತೆ. ನಮ್ಮ 'ಆತಂಕ' ಮರಾಠಿ, ಹಿಂದಿ ಕಿವಿಗೆ ಭಯೋತ್ಪಾದನೆಯ ನೆನಪು ತರುತ್ತದೆ. ತೆಲುಗಿನಲ್ಲಿ 'ಆಂದೋಳನ' ಎಂದರೆ ಆತಂಕ. ನಮಗೆ ಆಂದೋಲನ ಎಂದರೆ ಚಳವಳಿ. ರಾಯದುರ್ಗ, ಮಡಕಶಿರಾ ಕಡೆ ಹಳಬರು 'ನನಗ್ಯಾವ ಆಂದೋಲನಾನೂ ಇಲ್ಲ' ಎಂದರೆ ಅದರಿಂದ ಕಾಯಿಲೆ ಇಲ್ಲ ಎಂದು ಬರೆದುಕೊಳ್ಳಬಾರದು! ಮಲಯಾಳದಲ್ಲಿ ಆತಂಕದ ಕಾಯಿಲೆಗೆ 'ಉತ್ಕಂಠ' ಎನ್ನುತ್ತಾರೆ. ಕನ್ನಡದಲ್ಲಿ ಉತ್ಕಂಠೆ ಎಂದರೆ ಹಂಬಲ. ಅಲ್ಲಿ ಗಾಬರಿಗೆ 'ಪರಿಭ್ರಾಂತಿ' ಎಂಬ ಪದವಿದೆ. ಅದನ್ನು ಕೇಳಿದ ಕಾಸರಗೋಡಿನ ಕನ್ನಡಿಗ 'ನನಗೆ ಭ್ರಾಂತು ಎಂದರಲ್ಲಾ' ಎಂದು ನೊಂದುಕೊಳ್ಳುವ ಅಗತ್ಯವಿಲ್ಲ.

ದುಭಾಷಿಯಾಗಿ ಮನೆಯ ಶಾಲೆಗೆ ಹೋಗುವ ಮಗುವನ್ನು ಕರೆದೊಯ್ಯುವುದು ಗಡಿಯಲ್ಲಿ ವಾಡಿಕೆ. ಮಗುವಿಗೆ ರಾಜ್ಯದ ಭಾಷೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಹತ್ತು ವರ್ಷದ ಮಗಳ ಬಾಯಿಂದ 'ಅಮ್ಮನಿಗೆ ಸಾಯುತ್ತೇನೆ ಅನ್ನಿಸುತ್ತದಂತೆ' ಎಂದು ಹೇಳಿಸುವುದು ಸರಿಯಲ್ಲ. ತಾಯಿಯೂ ಮಗುವಿನೆದುರು ಪೂರಾ ಹೇಳಲಾರಳು. ದೊಡ್ಡವರೊಬ್ಬರು ಜೊತೆಗಿರಲಿ. ಇಲ್ಲವೇ ಯಾವತ್ತು, ಎಲ್ಲಿ, ಎಷ್ಟು ನಿಮಿಷ, ಏನೇನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಮೊದಲೇ ಆ ಭಾಷೆ ಬಲ್ಲವರಿಂದ ಬರೆಸಿಕೊಂಡು ಹೋಗಬಹುದು. ಅರ್ಧ ನಿಮಿಷದಲ್ಲಿ ಓದಿ ಮುಗಿಯುವ ಅಂಥ ಚೀಟಿ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಬಹಳ ಕೆಲಸ ಮಾಡುತ್ತದೆ.

ಆ ಹತ್ತು ನಿಮಿಷ

ಪರೀಕ್ಷೆ ಆಗಿ, ಇದು ಗಾಬರಿಯೇ ಎಂದು ಗೊತ್ತಾದವರಿಗೆ ಈ ಮಾತು. ಹೊಡೆತ ಶುರುವಾದಾಗ ಅದನ್ನು ಒದ್ದು ಓಡಿಸಲು ಹೋಗಬೇಡಿ. ಇದ್ದಲ್ಲೇ ಕುಳಿತುಕೊಳ್ಳಿ ಅಥವಾ ಗೋಡೆಗೋ ಕಂಬಕ್ಕೋ ಒರಗಿ ನಿಲ್ಲಿ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಂಡು, ಬಿಸಿ ಹಾಲನ್ನು ಆರಿಸುವಾಗ ಊದುವಂತೆ ಬಾಯಿಂದ ಇನ್ನೂ ನಿಧಾನವಾಗಿ ಬಿಡಿ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ಮನಸ್ಸು ಎದೆಯ ಮೇಲೆಯೇ ನಿಂತಿರುತ್ತದೆ, ಅದನ್ನು ಹೊರಗೆ ಎಳೆಯಲು ಎದುರಿಗಿರುವುದನ್ನು ಹೆಸರಿಸಿ: ಬೇಲಿ, ಎಮ್ಮೆ, ನೀಲಿ ಬಾಗಿಲು, ಬಸ್ಸಿನ ಬೋರ್ಡು. 'ಇದು ಮೊದಲೂ ಬಂದಿತ್ತು, ಇಳಿದಿತ್ತು' ಎಂದು ಹೇಳಿಕೊಳ್ಳಿ. ಪೇಪರ್ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯವನ್ನು ಈಗ ವೈದ್ಯರು ಒಪ್ಪುವುದಿಲ್ಲ. ಅದು ಗಾಬರಿಯಲ್ಲದೆ ಹೃದಯದ ತೊಂದರೆಯೋ ಆಸ್ತಮಾವೋ ಆಗಿದ್ದರೆ ಅಪಾಯ.

ಪಕ್ಕದಲ್ಲಿರುವವರ ಕೆಲಸ ಕಡಿಮೆ ಮಾಡುವುದು, ಹೆಚ್ಚು ಮಾಡುವುದಲ್ಲ. ಸುತ್ತ ಗುಂಪು ಕಟ್ಟಬೇಡಿ. ಮುಖಕ್ಕೆ ನೀರು ಎರಚಬೇಡಿ. 'ಏನಿಲ್ಲ ಏಳು, ನಾಟಕ ಮಾಡಬೇಡ' ಎನ್ನುವುದೂ, ಅಯ್ಯೋ ಎಂದು ಅಳುವುದೂ ಎರಡೂ ಕೆಟ್ಟವು. ಒಬ್ಬರು ಹತ್ತಿರ ಕುಳಿತು, 'ಅಕ್ಕಾ, ನಾನಿದ್ದೀನಿ, ಇಳಿಯುತ್ತದೆ, ನಿಧಾನಕ್ಕೆ ಉಸಿರು ಬಿಡು' ಎಂದು ಹೇಳುತ್ತ ಅವರ ಜೊತೆ ತಾವೂ ಹಾಗೇ ಉಸಿರಾಡಿದರೆ ಸಾಕು.

ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ತಾಯತ ಕಟ್ಟಿಸುವುದು, ಕರಾವಳಿಯಲ್ಲಿ ಪ್ರಶ್ನೆ ಇಡಿಸುವುದು ಉಂಟು. ದೇವರಿಗೆ ಕೈಮುಗಿದರೆ ಮನಸ್ಸಿಗೆ ನೆಮ್ಮದಿ ಎನ್ನುವವರನ್ನು ತಡೆಯಬೇಕಿಲ್ಲ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಬೇಡ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ನಿತ್ಯದ ಬದುಕನ್ನು ನಿಜಕ್ಕೂ ಕೆಡಿಸುವುದು ಹೊಡೆತಕ್ಕಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುವ ಅಭ್ಯಾಸ. ಒಮ್ಮೆ ಸೊಲ್ಲಾಪುರದ ಬಸ್ಸಿನಲ್ಲಿ ಹಾಗಾಯಿತೆಂದು ಬಸ್ಸು ಬಿಡುತ್ತಾರೆ. ಆಮೇಲೆ ಸಂತೆ, ಮದುವೆ. ಕೊನೆಗೆ ಹೊಸ್ತಿಲು ದಾಟಲು ಮಗ ಜೊತೆಗೆ ಬೇಕು. ತಪ್ಪಿಸಿಕೊಂಡ ಪ್ರತಿ ಸಲವೂ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಭಯದ ಬೇರು ಮಾತ್ರ ಆಳಕ್ಕೆ ಇಳಿಯುತ್ತದೆ. ಇದನ್ನು ಹಿಂದಕ್ಕೆ ತಿರುಗಿಸುವುದೂ ಮೆಟ್ಟಿಲು ಮೆಟ್ಟಿಲಾಗಿಯೇ. ಅಕ್ಕಲಕೋಟೆಯವರಾದರೆ ಮೊದಲ ವಾರ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಲು ಗಂಟೆ ಕುಳಿತು ಬರುವುದು. ಆಮೇಲೆ ಒಂದೆರಡು ಸ್ಟಾಪು ಜೊತೆಗಾರರೊಡನೆ, ಬಳಿಕ ಒಬ್ಬರೇ. ಕೊನೆಗೆ ಸೊಲ್ಲಾಪುರದ ತನಕ. ಗಾಬರಿ ಬಂದರೆ ನಡುವೆ ಇಳಿಯದೆ ಅದು ಇಳಿಯುವವರೆಗೆ ಕೂರುವುದು. ಮನಶ್ಶಾಸ್ತ್ರಜ್ಞರು ಇದನ್ನೇ ಕ್ರಮಬದ್ಧವಾಗಿ, ಕೆಲವು ವಾರಗಳ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆಯಾಗಿ ಮಾಡಿಸುತ್ತಾರೆ. ಗುಣದಲ್ಲಿ ಅದು ಮಾತ್ರೆಗೆ ಕಡಿಮೆಯಿಲ್ಲ. ಕಡಿಮೆ ಇರುವುದು ಹಾಗೆ ಮಾಡಿಸುವ ಜನ, ಅದರಲ್ಲೂ ಕನ್ನಡದಲ್ಲಿ ಮಾಡಿಸುವವರು.

ಚಹಾ, ಕಾಫಿ ದಿನಕ್ಕೆ ಏಳೆಂಟು ಲೋಟ ಕುಡಿಯುವವರು ಎರಡಕ್ಕೆ ಇಳಿಸಿದರೆ ವ್ಯತ್ಯಾಸ ಕಾಣಬಹುದು. ತಂಬಾಕು, ಗುಟ್ಕಾ ಎದೆಬಡಿತ ಹೆಚ್ಚಿಸುತ್ತವೆ.

ಮಾತ್ರೆ ಮತ್ತು ಕಳ್ಳು

ಇದಕ್ಕೆ ವೈದ್ಯರು ಮುಖ್ಯವಾಗಿ ಕೊಡುವುದು ಎಸ್ಸಿಟಲೋಪ್ರಾಂ, ಸರ್ಟ್ರಲಿನ್ ಗುಂಪಿನ ಮಾತ್ರೆ. ಇವು ನಿದ್ದೆ ಮಾತ್ರೆಯಲ್ಲ, ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇನ್ನೂ ತುಸು ಹೆಚ್ಚಾಗುವುದು ಉಂಟು. ಬಹುತೇಕ ಜನ ಬಿಟ್ಟುಬಿಡುವುದು ಆಗಲೇ. ಗುಣವಾದ ಮೇಲೂ ಆರು ತಿಂಗಳಿನಿಂದ ಒಂದು ವರ್ಷ ಮುಂದುವರಿಸಿ, ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆ ತಿರುಗಿ, ಗಾಬರಿಯೇ ಮರುಕಳಿಸಿದಂತಾಗುತ್ತದೆ.

ಅಲ್ಪ್ರಜೋಲಂ, ಕ್ಲೊನಾಜೆಪಾಂ ಬೇರೆ ಜಾತಿ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಅದಕ್ಕೇ ಜನಪ್ರಿಯ. ವೈದ್ಯರು ಅಲ್ಪಕಾಲಕ್ಕೆ ಕೊಟ್ಟರೆ ಉಪಯೋಗವಿದೆ. ತಿಂಗಳುಗಟ್ಟಲೆ ನುಂಗಿದರೆ ದೇಹ ಅದಕ್ಕೆ ಒಗ್ಗಿ, ಬಿಟ್ಟ ದಿನ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಬರುತ್ತದೆ. ಕಾನೂನಿನ ಪ್ರಕಾರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. 'ಅಣ್ಣಾ, ಆ ಸಣ್ಣ ಮಾತ್ರೆ ಹತ್ತು ಕೊಡು' ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವ ಅಭ್ಯಾಸ ನಿಲ್ಲಬೇಕು.

ಪೂರ್ವದ ಗಡಿಯವರಿಗೆ ಒಂದು ವಿಶೇಷ ಎಚ್ಚರಿಕೆ. ತೆಲಂಗಾಣದಲ್ಲಿ ಕಲಬೆರಕೆ ಕಳ್ಳಿಗೆ ಸೇರಿಸುವ ಪದಾರ್ಥಗಳಲ್ಲಿ ಇದೇ ಅಲ್ಪ್ರಜೋಲಂ, ಡಯಾಜೆಪಾಂ ಪದೇ ಪದೇ ಸಿಕ್ಕಿಬಿದ್ದಿವೆ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಂಥ ಕಳ್ಳು ಕುಡಿದವರು ಸತ್ತರು. ದಿನವೂ ಕಳ್ಳು ಕುಡಿಯುವ ಮನುಷ್ಯ ಊರು ಬಿಟ್ಟು ಬೇರೆಡೆ ಹೋದಾಗಲೇ ಎದೆಬಡಿತ, ನಡುಕ, ನಿದ್ದೆಗೇಡು ಶುರುವಾದರೆ ಅದು ಗಾಬರಿಯ ಕಾಯಿಲೆ ಆಗಿರಲಿಕ್ಕಿಲ್ಲ, ಗೊತ್ತಿಲ್ಲದೆ ನುಂಗಿದ ಮಾತ್ರೆ ನಿಂತದ್ದರ ಫಲವಾಗಿರಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ಕಳ್ಳಿನ ವಿಷಯ ಹೇಳಬೇಕು, ಚಿಕಿತ್ಸೆಯೇ ಬೇರೆ.

ಎಲ್ಲಿಗೆ ಹೋಗುವುದು?

ಗಡಿಯ ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗಬೇಕೆಂಬ ಯೋಚನೆಗೂ ನಮ್ಮ ಗಡಿಗೂ ಹಳೆಯ ನಂಟಿದೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ, 1996ರಲ್ಲಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಯದುರ್ಗ, ಆದೋನಿಯವರಿಗೆ ಬಳ್ಳಾರಿ ನೆರೆಯೂರೇ. ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರಿನವರಿಗೆ ನಿಮ್ಹಾನ್ಸ್ ಹತ್ತಿರ. ಧಾರವಾಡದ ಡಿಮ್ಹಾನ್ಸ್‌ಗೆ ಗಡಿಯಾಚೆಯವರೂ ಹೋಗುತ್ತಾರೆ. ಗೋವಾದಲ್ಲಿರುವ ಕನ್ನಡಿಗರಿಗೆ ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆಯಿದೆ.

ಆದರೂ ಕರ್ನಾಟಕದ ಆಸ್ಪತ್ರೆಯನ್ನೊಂದೇ ನಂಬಿ ಕೂರುವುದು ಬೇಡ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು, ವಿಷಯ ಕೋರ್ಟಿನ ಮೆಟ್ಟಿಲೇರಿದ್ದು ಎಲ್ಲರಿಗೂ ನೆನಪಿದೆ. ದಿನವೂ ನುಂಗಲೇಬೇಕಾದ ಮಾತ್ರೆ ಇದ್ದವರು ತಮ್ಮದೇ ರಾಜ್ಯದ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲೂ ಒಮ್ಮೆ ತೋರಿಸಿ ಚೀಟಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ ಎಂದು ಕೇಳಿ. ಗಡಿಯ ಈ ಬದಿ ಸಿಗುವ ಬ್ರಾಂಡು ಆ ಬದಿ ಸಿಗದೆ ಇರಬಹುದು, ಮೂಲ ಹೆಸರು ಎಲ್ಲ ಕಡೆಯೂ ಒಂದೇ.

ಮನೆಯಿಂದ ಹೊರಡಲೇ ಆಗದವರಿಗೆ ಫೋನಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್‌ನ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ. ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ. ಗಾಬರಿಯ ಜೊತೆಗೆ ಬೇಸರ ಕವಿದು ಬದುಕೇ ಬೇಡ ಎನ್ನಿಸುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಫೋನ್ ಮಾಡಬೇಕು. ಸಾಲು ಸಿಗದಿದ್ದರೆ 1800 891 4416 ಎಂಬ ಇನ್ನೊಂದು ಸಂಖ್ಯೆಯೂ ಇದೆ.